ಇಪ್ಪತ್ತೊಂದು ದಿನಗಳ ಕಾವಲು

ಎಂಟು ತಿಂಗಳು ತುಂಬಿ ಮೊಟ್ಟೆಯಿಡಲು ತೊಡಗಿದ, ನೋಡುವ ಕಣ್ಣಿಗೆ ಯಾವ ಊನವೂ ತೋರದ ಒಂದು ಹೇಂಟೆಯನ್ನು ಗೂಡಿನಿಂದ ಹೊರತೆಗೆದು, ಒಂದು ಚಿಕ್ಕ ಏಣಿಯ ಬುಡದಲ್ಲಿ ಬಿಟ್ಟು, ಅದು ಮೆಟ್ಟಿಲಿಂದ ಮೆಟ್ಟಿಲಿಗೆ ಹೇಗೆ ಕಾಲಿಡುತ್ತದೆ, ಹತ್ತುವಾಗ ತಡವರಿಸುತ್ತದೆಯೆ, ಇಳಿಯುವಾಗ ರೆಕ್ಕೆ ಬಡಿದು ಸಮತೋಲವನ್ನು ಅರಸುತ್ತದೆಯೆ, ನೆಲಕ್ಕೆ ಬಂದ ಮೇಲೆ ನೆಟ್ಟಗೆ ನಿಲ್ಲುತ್ತದೆಯೆ ಅಥವಾ ಕಾಲಿನ ಗೆಣ್ಣುಗಳ ಮೇಲೆ ಕುಸಿದು ಕೂರುತ್ತದೆಯೆ ಎಂಬುದನ್ನು ವಿದ್ವಾಂಸನೊಬ್ಬನು ಏಕಾಗ್ರಚಿತ್ತದಿಂದ ನೋಡಿ ಕಡತದಲ್ಲಿ ಅಂಕಿಗಳಾಗಿ ಬರೆದುಕೊಳ್ಳುವ ದೃಶ್ಯವು, ಅದರ ಹಿನ್ನೆಲೆಯನ್ನು ಅರಿಯದವರಿಗೆ ಮಕ್ಕಳಾಟವೆಂದು ತೋರೀತು. ಆದರೆ ಆ ಏಣಿಯ ಬುಡದಲ್ಲಿ ಕೇಳಲಾಗುತ್ತಿರುವ ಪ್ರಶ್ನೆ ಅತ್ಯಂತ ಗಂಭೀರವಾದುದು. ಒಂದು ವಿಷವನ್ನುಂಡು, ಅದರ ಮೊದಲ ಹೊಡೆತದಿಂದ ಪಾರಾಗಿ, ಉಸಿರು ಮರಳಿ, ಮನೆಗೆ ನಡೆದುಹೋದ ಜೀವವು ನಿಜವಾಗಿ ಪಾರಾಯಿತೆ, ಅಥವಾ ಅದರ ನರಗಳ ತುದಿಯಲ್ಲಿ ಇನ್ನೂ ಮುಗಿಯದ ಒಂದು ಲೆಕ್ಕ ಉಳಿದಿದೆಯೆ ಎಂಬುದೇ ಆ ಪ್ರಶ್ನೆ.

ಸಾವಯವ ರಂಜಕ ಕೀಟನಾಶಕಗಳೆಂದು ವಿಜ್ಞಾನಿಗಳು ಕರೆಯುವ ವಸ್ತುಗಳನ್ನು ನಮ್ಮ ರೈತರು ಬೇರೆ ಹೆಸರುಗಳಿಂದ ಬಲ್ಲರು. ಹತ್ತಿಯ ಹೊಲಕ್ಕೆ, ತೊಗರಿಯ ಹೊಲಕ್ಕೆ ಇವುಗಳನ್ನು ಸಿಂಪಡಿಸುವುದಕ್ಕೆ ಉತ್ತರ ಕರ್ನಾಟಕದ ಕಡೆ 'ಎಣ್ಣೆ ಹೊಡೆಯುವುದು' ಎನ್ನುತ್ತಾರೆ. ಹಳೆಯ ಮೈಸೂರಿನ ಕಡೆ 'ಔಷಧಿ ಹೊಡೆಯುವುದು' ಎನ್ನುತ್ತಾರೆ. ಈ ಎರಡು ಮಾತುಗಳನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಈ ವಿಷಗಳ ಬಂಧುವೊಂದು ಲೋಕದ ಬಡಜನರ ಬಾಯನ್ನು ಸೇರಿದ್ದು, ಮುಂದೆ ತಿಳಿಯುವಂತೆ, ಒಮ್ಮೆ ಔಷಧಿಯ ವೇಷದಲ್ಲಿ, ಮತ್ತೆ ಮತ್ತೆ ಎಣ್ಣೆಯ ವೇಷದಲ್ಲಿ.

ಈ ವಿಷಗಳ ಮೊದಲ ಹೊಡೆತ ಸುಪ್ರಸಿದ್ಧವಾದುದು. ನರವು ಸ್ನಾಯುವಿಗೆ ಸಂದೇಶವನ್ನು ಕಳುಹುವಾಗ ಅಸಿಟೈಲ್‌ಕೋಲೀನ್ ಎಂಬ ವಸ್ತುವನ್ನು ಸ್ರವಿಸುತ್ತದೆ. ಸಂದೇಶ ಮುಟ್ಟಿದ ಕೂಡಲೆ ಆ ವಸ್ತುವನ್ನು ಒಡೆದು ತೆಗೆದುಹಾಕುವ ಕೆಲಸ ಅಸಿಟೈಲ್‌ಕೋಲೀನೆಸ್ಟರೇಸ್ ಎಂಬ ಕಿಣ್ವದ್ದು. ಸಾವಯವ ರಂಜಕ ವಿಷವು ಈ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಕರೆ ನಿಲ್ಲದೆ ಮೊಳಗುತ್ತದೆ: ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಜೊಲ್ಲು ಬೆವರುಗಳು ಹರಿಯುತ್ತವೆ, ಸ್ನಾಯುಗಳು ಅದುರಿ ಸೋತು ಕೊನೆಗೆ ಉಸಿರಾಟವೇ ನಿಲ್ಲುತ್ತದೆ. ಇದೆಲ್ಲವೂ ಗಳಿಗೆಗಳಲ್ಲಿ ನಡೆಯುವಂಥದು. ಕಾರಣವೂ ಕಾರ್ಯವೂ ಒಂದೇ ಮನೆಯಲ್ಲಿ, ಒಂದೇ ಹಗಲಿನಲ್ಲಿ, ಒಂದೇ ಸಾಕ್ಷಿಯ ಕಣ್ಣೆದುರಿಗೆ ಇರುವುದರಿಂದ ವೈದ್ಯನು ರೋಗನಿರ್ಣಯಕ್ಕೆ ತಡವರಿಸಬೇಕಾಗಿಲ್ಲ. ಅಟ್ರೋಪೀನ್ ಕೊಡುತ್ತಾನೆ, ಯಂತ್ರದಿಂದ ಉಸಿರಾಡಿಸುತ್ತಾನೆ, ಎಷ್ಟೋ ಮಂದಿಯನ್ನು ಉಳಿಸುತ್ತಾನೆ.

ನಾನಿಲ್ಲಿ ಹೇಳಹೊರಟಿರುವುದು ಎರಡನೆಯ ಹೊಡೆತವನ್ನು. ಈ ವರ್ಗದ ಎಲ್ಲ ಸಂಯುಕ್ತಗಳೂ ಇದನ್ನು ಮಾಡಲಾರವು, ಮಾಡಬಲ್ಲವು ಕೆಲವೇ. ಆದರೆ ಅವು ಮಾಡುವ ರೀತಿ ಭಯಂಕರವಾದುದು. ವಿಷ ಒಳಹೊಕ್ಕು ಒಂದು ವಾರವೋ ಎರಡು ವಾರವೋ ಕೆಲವೊಮ್ಮೆ ಅದಕ್ಕೂ ಹೆಚ್ಚೋ ಕಳೆದು, ಮೊದಲಿನ ಬಾಧೆಯೆಲ್ಲ ಇಳಿದು, ಅಥವಾ ಅಂಥ ಬಾಧೆಯೇ ಇಲ್ಲದೆ ದಿನಗಳು ಸಾಗಿದ ಮೇಲೆ, ಮೀನಖಂಡಗಳಲ್ಲಿ ನೋವು ತೋರಿ, ಅಂಗಾಲು ಜುಮುಗುಟ್ಟಿ, ಪಾದವು ಮೇಲೇಳದೆ ಜೋತುಬೀಳುತ್ತದೆ. ತರುವಾಯ ಕೈಗಳಿಗೂ ದೌರ್ಬಲ್ಯ ಹರಡಬಹುದು. ಪಾದಗಳ ನರಗಳು ತಿಂಗಳುಗಳಲ್ಲಿ ಸ್ವಲ್ಪಮಟ್ಟಿಗೆ ಚೇತರಿಸಿಕೊಂಡರೂ ಬೆನ್ನುಹುರಿಯೊಳಗಿನ ಹಾನಿ ಉಳಿದುಬಿಡುವುದರಿಂದ, ಜೋತ ಕಾಲು ಬಿಗಿಯಾದ ಕಾಲಾಗಿ ಮಾರ್ಪಟ್ಟು, ಜೀವಮಾನವೆಲ್ಲ ಹಾಗೆಯೇ ಉಳಿಯುವುದುಂಟು. ಇದನ್ನು ವಿಲಂಬಿತ ನರವೈಕಲ್ಯವೆಂದು ಕರೆಯೋಣ. ಇದರ ನಿಜವಾದ ಕ್ರೌರ್ಯ ಇರುವುದು ಕಾರಣವನ್ನು ಕಾರ್ಯದಿಂದ ಅಗಲಿಸುವುದರಲ್ಲಿ: ಕಾಲು ಬಿದ್ದವನು ಮೂರು ವಾರಗಳ ಹಿಂದೆ ಕುಡಿದ ಸೀಸೆಯನ್ನು ಏಕೆ ನೆನೆದಾನು?

ಸೀಸೆಯೆಂಬ ಮಾತನ್ನು ಸುಮ್ಮನೆ ಬಳಸಲಿಲ್ಲ. 1930ರ ಫೆಬ್ರವರಿ ಕೊನೆಯಲ್ಲಿ ಅಮೆರಿಕದ ಓಕ್ಲಹೋಮ ನಗರದಲ್ಲಿ ಡಾ. ಎಫ್ರೇಮ್ ಗೋಲ್ಡ್‌ಫೇನ್ ಎಂಬ ವೈದ್ಯರ ಬಳಿಗೆ ಎರಡೂ ಪಾದಗಳು ಜೋತುಬಿದ್ದ ಒಬ್ಬ ರೋಗಿ ಬಂದನು. ಹಿಂದೆಯೇ ಇನ್ನೊಬ್ಬ, ಮತ್ತೊಬ್ಬ. ಆ ದೇಶದಲ್ಲಿ ಪಾನನಿರೋಧ ಜಾರಿಯಲ್ಲಿದ್ದ ಕಾಲ ಅದು. ಜಮೈಕ ಶುಂಠಿಯ ಸಾರವೆಂಬ ಹೆಸರಿನ, ಬಹುಪಾಲು ಮದ್ಯಸಾರವೇ ಆಗಿದ್ದ, ಅಜೀರ್ಣಕ್ಕೆ ಮದ್ದೆಂದು ಮಾರಾಟವಾಗುತ್ತಿದ್ದ ಒಂದು ಪುಟ್ಟ ಸೀಸೆಯು ಬಡವರ ಪಾಲಿಗೆ ಅಗ್ಗದ ಸಾರಾಯಿಯಾಗಿತ್ತು. ಕುಡಿಯಲಾಗದಷ್ಟು ಖಾರವಾಗಿರಲೆಂದು ಅದರಲ್ಲಿ ಇಂತಿಷ್ಟು ಶುಂಠಿಯ ಘನಪದಾರ್ಥ ಇರಲೇಬೇಕೆಂದು ಸರಕಾರವು ವಿಧಿಸಿತ್ತು. ಪರೀಕ್ಷಾಧಿಕಾರಿಗಳು ದ್ರವವನ್ನು ಕಾಯಿಸಿ ಆವಿಯಾಗಿಸಿ ಉಳಿದುದನ್ನು ತೂಗಿ ನೋಡುತ್ತಿದ್ದರು. ಈ ತೂಕವನ್ನು ವಂಚಿಸಲು, ರುಚಿಯಿಲ್ಲದ, ವಾಸನೆಯಿಲ್ಲದ, ಕಾಯಿಸಿದರೆ ಹಾರಿಹೋಗದ, ಭಾರವಾದ ಒಂದು ದ್ರವ್ಯ ಬೇಕಾಗಿತ್ತು. ಬೋಸ್ಟನ್ನಿನ ಕಲಬೆರಕೆಗಾರರು ಆಯ್ದುಕೊಂಡದ್ದು ಟ್ರೈ-ಆರ್ಥೊ-ಕ್ರೆಸಿಲ್ ಫಾಸ್ಫೇಟ್ ಎಂಬ ರಂಜಕ ಸಂಯುಕ್ತವನ್ನು. ಅದು ಕೀಟನಾಶಕವಲ್ಲ, ಕೈಗಾರಿಕೆಯಲ್ಲಿ ಪ್ಲಾಸ್ಟಿಕ್ಕಿಗೆ ಮೆದುತನ ಕೊಡಲು ಬೆರೆಸುವ ದ್ರವ. ಆ ವರ್ಷ ಹತ್ತಾರು ಸಾವಿರ ಜನ ಕಾಲು ಕಳೆದುಕೊಂಡರು. ಪಾದವನ್ನು ಎತ್ತರಕ್ಕೆಸೆದು ಪಟಪಟನೆ ನೆಲಕ್ಕಪ್ಪಳಿಸುವ ಅವರ ನಡಗೆಗೆ ಜನಪದ ಗಾಯಕರು ಹಾಡುಗಳನ್ನೇ ಕಟ್ಟಿದರು. ಬಹುಮಟ್ಟಿಗೆ ಅವರೆಲ್ಲ ಒಂಟಿ ಗಂಡಸರು, ಕೂಲಿಗಳು, ಊರೂರು ಅಲೆಯುವವರು. ಅವರ ಪರವಾಗಿ ಗಟ್ಟಿಯಾಗಿ ಮಾತಾಡುವವರು ಯಾರೂ ಇರಲಿಲ್ಲ.

ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಮಾರಿಸ್ ಸ್ಮಿತ್ ಮತ್ತು ಅವರ ಸಹೋದ್ಯೋಗಿಗಳು ಆ ಕಲಬೆರಕೆಯನ್ನು ಗುರುತಿಸಿದ್ದು ಅದೇ ವರ್ಷ. ಅವರ ಕೆಲಸದಲ್ಲಿ ನಮಗೆ ಅತ್ಯಂತ ಮುಖ್ಯವಾದ ಭಾಗ ಪ್ರಾಣಿಗಳ ಆಯ್ಕೆ. ವಿಷಪರೀಕ್ಷೆಗೆ ರೂಢಿಯಾದ ಪ್ರಾಣಿಗಳಿಗೆಲ್ಲ ಅವರು ಅದನ್ನು ಕೊಟ್ಟು ನೋಡಿದರು. ಮೊಲಗಳು ಬೇಗನೆ ಸತ್ತವು, ಆದರೆ ಮನುಷ್ಯನ ಕಾಯಿಲೆಯನ್ನು ತೋರಲಿಲ್ಲ. ಬಾಯಿಯ ಮೂಲಕ ಕೊಟ್ಟಾಗ ನಾಯಿಗಳಿಗೂ, ನಮ್ಮ ಹತ್ತಿರದ ಬಂಧುಗಳೆನಿಸಿದ ಕೋತಿಗಳಿಗೂ ಏನೂ ಆದಂತೆ ಕಾಣಲಿಲ್ಲ. ಕೋಳಿಗಳು ಮಾತ್ರ, ಹತ್ತು ಹನ್ನೆರಡು ದಿನ ಆರೋಗ್ಯವಾಗಿ ಕಾಳು ಹೆಕ್ಕಿಕೊಂಡಿದ್ದು, ಆಮೇಲೆ ಒಂದು ದಿನ ಕಾಲು ತಡವರಿಸಿ ಕುಸಿದವು. ಹಸುವಿನ ಕರುಗಳೂ ಹಾಗೆಯೇ. ಅಣುವಿನಲ್ಲಿ ಮಿಥೈಲ್ ಗುಂಪು ಆರ್ಥೊ ಸ್ಥಾನದಲ್ಲಿದ್ದರೆ ಮಾತ್ರ ಈ ಪರಿಣಾಮ, ಮೆಟಾ ಮತ್ತು ಪ್ಯಾರಾ ಸ್ಥಾನಗಳಲ್ಲಿದ್ದರೆ ಇಲ್ಲ ಎಂಬುದನ್ನೂ ಅವರು ಕಂಡುಕೊಂಡರು. ಪ್ರಯೋಗಶಾಲೆಗಳಲ್ಲಿ ಇಲಿಗೆ ಸಲ್ಲುವ ಪಟ್ಟ ಈ ಒಂದು ವಿಷಯದಲ್ಲಿ ಹೇಂಟೆಗೆ ಸಂದದ್ದು ಹೀಗೆ; ಇಲಿಯ ನರತಂತುಗಳಲ್ಲಿ ಸೂಕ್ಷ್ಮ ಹಾನಿಯಾಗಬಹುದೆಂದು ಮುಂದೆ ತಿಳಿದುಬಂದರೂ, ಅದರ ನಡಗೆಯಲ್ಲಿ ಅದು ಹೊರಗೆ ತೋರುವುದು ಕಡಮೆ.

ಇಷ್ಟೆಲ್ಲ ತಿಳಿದ ಮೇಲೆಯೂ ಲೋಕವು ಕಲಿತುಕೊಂಡದ್ದು ಸ್ವಲ್ಪವೇ. 1959ರಲ್ಲಿ ಮೊರಾಕ್ಕೊ ದೇಶದ ಮೆಕ್ನೆಸ್ ಪಟ್ಟಣದ ಸುತ್ತಮುತ್ತ, ವಿಮಾನಯಂತ್ರಗಳ ಕೀಲೆಣ್ಣೆಯನ್ನು ಅಡುಗೆಯೆಣ್ಣೆಗೆ ಬೆರೆಸಿ ಮಾರಿದ್ದರಿಂದ ಸುಮಾರು 10,000 ಜನ ಅಂಗವಿಕಲರಾದರು. 1977-78ರಲ್ಲಿ ಶ್ರೀಲಂಕೆಯ ಚಹಾ ತೋಟಗಳ ತಮಿಳು ಕುಟುಂಬಗಳಲ್ಲಿ ಇಪ್ಪತ್ತು ಮಂದಿ ಎಳೆಯ ಹುಡುಗಿಯರಿಗೆ ಕೈಕಾಲುಗಳ ಬಲ ಹೋಯಿತು. ಹುಡುಗಿ ಮೈನೆರೆದಾಗ ಎಳ್ಳೆಣ್ಣೆಯನ್ನು ವಿಶೇಷವಾಗಿ ಉಣಿಸುವ ಪದ್ಧತಿ ಅವರದು. ನಮ್ಮ ಮನೆಗಳಲ್ಲಿಯೂ ಅಂಥ ಸಮಯದಲ್ಲಿ ಎಳ್ಳು ಬೆಲ್ಲ ಕೂಡಿಸಿ ಕುಟ್ಟಿದ ಚಿಗಳಿಯನ್ನೂ ಕೊಬ್ಬರಿಯನ್ನೂ ಕೊಡುವುದಿಲ್ಲವೆ? ಮಗಳ ಮೈಗೆ ಬಲ ಬರಲೆಂದು ತಾಯಿ ಪ್ರೀತಿಯಿಂದ ಬಡಿಸಿದ ಆ ಎಣ್ಣೆಯಲ್ಲಿಯೇ ಟ್ರೈ-ಕ್ರೆಸಿಲ್ ಫಾಸ್ಫೇಟ್ ಸೇರಿತ್ತು. ಈ ಒಂದು ವೃತ್ತಾಂತವನ್ನು ಓದಿದಾಗಲೆಲ್ಲ ನನಗೆ ಮುಂದಿನ ಪುಟವನ್ನು ತಿರುವಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಹತ್ತು ವರ್ಷಗಳ ತರುವಾಯ, 1988ರಲ್ಲಿ, ಕಲ್ಕತ್ತೆಯ ಬೇಹಾಲದಲ್ಲಿ ಅದೇ ವಿಷ ಅಡುಗೆಯೆಣ್ಣೆಯ ಮೂಲಕವೇ ನೂರಾರು ಜನರನ್ನು ಹಾಸಿಗೆಗೆ ಕೆಡವಿತು.

ಕೀಟನಾಶಕಗಳು ಈ ಕಥೆಗೆ ಪ್ರವೇಶಿಸುವುದು 1951ರಲ್ಲಿ. ಜರ್ಮನಿಯಲ್ಲಿ ಗೆರ್ಹಾರ್ಡ್ ಶ್ರೇಡರ್ 1930ರ ದಶಕದಲ್ಲಿ ಆರಂಭಿಸಿದ ಶೋಧಗಳ ಫಲವಾಗಿ ರಂಜಕ ಕೀಟನಾಶಕಗಳು ಯುದ್ಧಾನಂತರ ಎಲ್ಲೆಡೆ ತಯಾರಾಗುತ್ತಿದ್ದ ಕಾಲದಲ್ಲಿ, ಇಂಗ್ಲೆಂಡಿನಲ್ಲಿ ಮಿಪಾಫಾಕ್ಸ್ ಎಂಬ ಹೊಸ ಕೀಟನಾಶಕವನ್ನು ಪ್ರಾಯೋಗಿಕವಾಗಿ ತಯಾರಿಸುತ್ತಿದ್ದವರಲ್ಲಿ ಮೂವರಿಗೆ ವಿಷ ತಗುಲಿತು; ಮೂವರೂ ಮೊದಲ ಹೊಡೆತದಿಂದ ಚೇತರಿಸಿಕೊಂಡರು; ಆದರೆ ವಾರಗಳು ಕಳೆದ ಮೇಲೆ ಅವರಲ್ಲಿ ಇಬ್ಬರ ಕಾಲುಗಳು ಬಿದ್ದುಹೋದವು. ವೈದ್ಯೆ ಲೆಸ್ಲಿ ಬಿಡ್‌ಸ್ಟ್ರಪ್ ಮತ್ತು ಅವರ ಸಂಗಡಿಗರು 1953ರಲ್ಲಿ ಇದನ್ನು ಪ್ರಕಟಿಸಿದಾಗ, ಶುಂಠಿಯ ಸಾರದ ಹಳೆಯ ಭೂತವು ಹೊಲಗದ್ದೆಗಳ ಹೊಸ ರಸಾಯನದಲ್ಲಿಯೂ ಅಡಗಿರಬಲ್ಲುದೆಂಬುದು ಖಚಿತವಾಯಿತು. ಅಂದಿನಿಂದ, ಯಾವುದೇ ಹೊಸ ರಂಜಕ ಕೀಟನಾಶಕವನ್ನು ಮಾರುಕಟ್ಟೆಗೆ ಬಿಡುವ ಮುನ್ನ ಅದು ಈ ಎರಡನೆಯ ಹೊಡೆತವನ್ನು ಕೊಡಬಲ್ಲುದೆ ಎಂಬುದನ್ನು ಪರೀಕ್ಷಿಸುವುದು ಅನಿವಾರ್ಯವಾಯಿತು. ಬಾರ್ನ್ಸ್ ಮತ್ತು ಡೆನ್ಜ್ ಎಂಬ ಇಬ್ಬರು ಅದೇ 1953ರಲ್ಲಿ ಕೋಳಿಗಳ ಮೇಲೆ ಈ ಸಂಯುಕ್ತಗಳನ್ನು ಪರೀಕ್ಷಿಸುವ ಕ್ರಮಕ್ಕೆ ಅಡಿಪಾಯ ಹಾಕಿದರು.

ಆ ಕ್ರಮವು ಕಾಲಾಂತರದಲ್ಲಿ ಪಕ್ವವಾಗಿ, ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು 1984ರಲ್ಲಿ ಹೊರಡಿಸಿ 1995ರಲ್ಲಿ ಪರಿಷ್ಕರಿಸಿದ 418 ಮತ್ತು 419ನೆಯ ಮಾರ್ಗಸೂಚಿಗಳ ರೂಪವನ್ನು ತಾಳಿದೆ. ಮೊದಲನೆಯದು ಒಂದೇ ಬಾರಿ ಕೊಟ್ಟ ವಿಷಕ್ಕೆ. ಎರಡನೆಯದು 28 ದಿನ ಪ್ರತಿನಿತ್ಯ ಕೊಟ್ಟ ವಿಷಕ್ಕೆ. ಹೇಂಟೆಯ ವಯಸ್ಸು 8ರಿಂದ 12 ತಿಂಗಳಿನದಾಗಿರಬೇಕು. ಎಳೆಯ ಮರಿಗಳು ಈ ವಿಷಕ್ಕೆ ಬಗ್ಗುವುದಿಲ್ಲವಾದ ಕಾರಣ, ಅವುಗಳ ಮೇಲೆ ಪರೀಕ್ಷೆ ಮಾಡಿ ವಿಷವಿಲ್ಲವೆಂದು ಸಾರಿಬಿಟ್ಟರೆ ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ. ಒಂದು ಗುಂಪಿಗೆ ಪರೀಕ್ಷಿಸಬೇಕಾದ ವಸ್ತು, ಇನ್ನೊಂದಕ್ಕೆ ಆ ವಸ್ತುವನ್ನು ಕರಗಿಸಿದ ದ್ರವ ಮಾತ್ರ, ಮೂರನೆಯದಕ್ಕೆ ಕಾಲನ್ನು ನಿಶ್ಚಯವಾಗಿ ಕೆಡವುವ ಹಳೆಯ ಟ್ರೈ-ಆರ್ಥೊ-ಕ್ರೆಸಿಲ್ ಫಾಸ್ಫೇಟ್. ಈ ಮೂರನೆಯ ಗುಂಪಿನ ಅಗತ್ಯವೇನೆಂದು ಕೇಳಬಹುದು. ವಿಷ ನಿಶ್ಚಯವಾಗಿರುವಲ್ಲಿ ಅದನ್ನು ಕಾಣಬಲ್ಲ ಕಣ್ಣು ಈ ಪ್ರಯೋಗಶಾಲೆಗೆ ಉಂಟೆಂಬುದು ಮೊದಲು ಸಿದ್ಧವಾಗಬೇಕು. ಆ ಮೇಲಷ್ಟೇ ಅದು ಇಲ್ಲವೆಂದು ಹೇಳಿದ ಮಾತಿಗೆ ಬೆಲೆ.

ಮುಂದಿನ ಹೆಜ್ಜೆ ಸೂಕ್ಷ್ಮವಾದುದು. ಕೊಡುವ ಪ್ರಮಾಣ ಅಲ್ಪವಾದರೆ ವಿಲಂಬಿತ ಪರಿಣಾಮ ಕಾಣದೆ ಹೋಗಬಹುದು. ಹೆಚ್ಚಾದರೆ ಮೊದಲ ಹೊಡೆತದಲ್ಲಿಯೇ ಹಕ್ಕಿ ಸತ್ತು ಎರಡನೆಯದನ್ನು ನೋಡುವ ಅವಕಾಶವೇ ಇಲ್ಲವಾಗುತ್ತದೆ. ಆದ್ದರಿಂದ ಸಾವಿನ ಅಂಚಿನವರೆಗಿನ ಪ್ರಮಾಣವನ್ನು ಕೊಟ್ಟು, ಜೊತೆಗೆ ಅಟ್ರೋಪೀನಿನ ರಕ್ಷಣೆಯಿತ್ತು ಅದನ್ನು ಉಳಿಸಿಕೊಳ್ಳುತ್ತಾರೆ. ವಿಷವನ್ನೂ ಮದ್ದನ್ನೂ ಒಂದೇ ಕೈಯಿಂದ ಕೊಡುವ ಈ ಕ್ರಮವು ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ, ಆಸ್ಪತ್ರೆಯಲ್ಲಿ ನಡೆಯುವುದು ಇದೇ ಅಲ್ಲವೆ? ವಿಷ ಕುಡಿದವನನ್ನು ವೈದ್ಯನು ಅಟ್ರೋಪೀನಿನಿಂದ ಬದುಕಿಸುತ್ತಾನೆ. ಬದುಕಿದವನ ಮುಂದಿನ ಗತಿಯೇ ನಾವು ಅರಿಯಬೇಕಾದದ್ದು.

ಆಮೇಲೆ ಕಾಯುವುದು, 21 ದಿನ ಕಾಯುವುದು. ಕೋಳಿ ಮೊಟ್ಟೆಯ ಮೇಲೆ ಕಾವು ಕೂತು ಮರಿ ಮಾಡುವುದಕ್ಕೂ ಹಿಡಿಯುವುದು 21 ದಿನವೇ ಎಂಬುದು ಕೇವಲ ಆಕಸ್ಮಿಕವಾದರೂ, ಹಳ್ಳಿಯಲ್ಲಿ ಬೆಳೆದ ನನಗೆ ಈ ಎರಡು ಕಾವುಗಳು ಒಟ್ಟಿಗೇ ಮನಸ್ಸಿಗೆ ಬರುತ್ತವೆ. ಬುಟ್ಟಿಯ ಕೆಳಗೆ ಕೂತ ಕೋಳಿಯನ್ನು ದಿನವೂ ಎತ್ತಿನೋಡುವ ಮಗುವಿಗೆ ಮೊಟ್ಟೆಯ ಹೊರಗೆ ಏನೂ ಕಾಣದು. ಒಳಗೆ ಮಾತ್ರ ಕೆಲಸ ನಡೆದಿರುತ್ತದೆ. ಇಲ್ಲಿಯೂ ಹಾಗೆಯೇ: ವಿಷ ಕೊಟ್ಟ ಮರುದಿನದಿಂದ ಹೇಂಟೆ ತಿನ್ನುತ್ತದೆ, ಕುಡಿಯುತ್ತದೆ, ಓಡಾಡುತ್ತದೆ. ಗೂಡಿನಲ್ಲಿ ಸುಮ್ಮನೆ ನಿಂತ ಹಕ್ಕಿಯಲ್ಲಿ ಆರಂಭದ ದೌರ್ಬಲ್ಯ ಕಣ್ಣಿಗೆ ಬೀಳದಾದ್ದರಿಂದ ವಾರಕ್ಕೆ ಎರಡು ಬಾರಿಯಾದರೂ ಅದನ್ನು ಹೊರತೆಗೆದು ಏಣಿ ಹತ್ತಿಸುವಂಥ ಶ್ರಮದ ಕೆಲಸಕ್ಕೆ ಹಚ್ಚುತ್ತಾರೆ. ಅದರ ನಡಗೆಗೆ ಕನಿಷ್ಠ ನಾಲ್ಕು ಹಂತಗಳ ಮಾಪನದಲ್ಲಿ ಅಂಕ ಕೊಡುತ್ತಾರೆ. ಎರಡನೆಯ ವಾರದ ಹೊತ್ತಿಗೆ, ವಿಷವು ಆ ಜಾತಿಯದಾಗಿದ್ದರೆ, ಹೇಂಟೆ ಏಣಿಯ ಮುಂದೆ ಹಿಂಜರಿಯುತ್ತದೆ. ಆ ಹಿಂಜರಿಕೆಯೇ ಮೊದಲ ಅಕ್ಷರ.

ಕಾಲಾವಧಿ ಮುಗಿದ ಮೇಲೆ ನರಗಳನ್ನೇ ನೋಡಬೇಕಾಗುತ್ತದೆ. ಹಕ್ಕಿಯನ್ನು ಅರಿವಳಿಕೆಯಲ್ಲಿ ಕೊಂದು, ಅಂಗಾಂಶಗಳು ಕೆಡದಂತೆ ರಕ್ತನಾಳಗಳ ಮೂಲಕವೇ ಸ್ಥಿರೀಕರಿಸುವ ದ್ರವವನ್ನು ಹಾಯಿಸಿ, ಕಿರುಮಿದುಳು, ಮಿದುಳಿನ ಬುಡ, ಬೆನ್ನುಹುರಿಯ ಕತ್ತಿನ ಮೇಲ್ಭಾಗ, ಎದೆಯ ನಡುಭಾಗ, ಸೊಂಟದ ಭಾಗ, ತೊಡೆಯ ಸಯಾಟಿಕ್ ನರ, ಮೊಣಕಾಲ ಕೆಳಗಿನ ಟಿಬಿಯಲ್ ನರದ ತುದಿ ಮತ್ತು ಅದು ಮೀನಖಂಡಕ್ಕೆ ಕಳುಹುವ ಕವಲುಗಳು, ಇವುಗಳಿಂದ ತೆಳುಪದರಗಳನ್ನು ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಈ ಜಾಗಗಳನ್ನು ಮನಬಂದಂತೆ ಆಯ್ದುದಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಕ್ಯಾವನ್ಹಾ 1954ರಲ್ಲಿ ಪ್ರಕಟಿಸಿದ ಕೋಳಿಗಳ ಅಧ್ಯಯನವು ತೋರಿದುದೇನೆಂದರೆ, ಈ ವಿಷವು ಉದ್ದವಾದ, ದಪ್ಪವಾದ ನರತಂತುಗಳನ್ನು ಆರಿಸಿ, ಅವುಗಳ ಕೊನೆಯ ತುದಿಯಿಂದ ನಾಶಕ್ಕೆ ತೊಡಗುತ್ತದೆ. ತುಂಗಭದ್ರೆಯ ಕಾಲುವೆಯ ಕೊನೆಭಾಗದ ರೈತರನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ತೂಬಿನಲ್ಲಿ ನೀರಿದೆ, ಮೇಲ್ಭಾಗದ ಗದ್ದೆ ಹಸುರಾಗಿದೆ. ಒಣಗುವುದು ಕೊನೆಯಂಚಿನ ಗದ್ದೆ. ನರಕೋಶದ ಒಡಲು ಬೆನ್ನುಹುರಿಯ ಬಳಿ ಇದೆ. ಅದರ ತಂತು ಮನುಷ್ಯನಲ್ಲಿ ಸೊಂಟದಿಂದ ಪಾದದವರೆಗೆ ಸುಮಾರು ಒಂದು ಮೀಟರ್ ಉದ್ದ. ಆ ತುದಿಗೆ ಬೇಕಾದುದೆಲ್ಲ ಒಡಲಿನಿಂದಲೇ ಸಾಗಿಹೋಗಬೇಕು. ಒಡಲು ಉಳಿದು ತುದಿ ಸಾಯುತ್ತದೆ. ಆದಕಾರಣವೇ ಪಾದ ಮೊದಲು, ಕೈ ಆಮೇಲೆ. ಆದಕಾರಣವೇ ಬೆನ್ನುಹುರಿಯನ್ನು ಕತ್ತಿನಲ್ಲಿಯೂ ಸೊಂಟದಲ್ಲಿಯೂ ಕೊಯ್ದು ನೋಡುವುದು: ಕಾಲಿನಿಂದ ಮಿದುಳಿಗೆ ಏರುವ ತಂತುಗಳ ತುದಿ ಇರುವುದು ಮೇಲೆ, ಮಿದುಳಿನಿಂದ ಇಳಿಯುವ ತಂತುಗಳ ತುದಿ ಇರುವುದು ಕೆಳಗೆ. ಒಂದೇ ಕಡೆ ಕೊಯ್ದವನು ಅರ್ಧ ಸತ್ಯವನ್ನು ಮಾತ್ರ ಕಂಡಾನು.

ಇಷ್ಟರಿಂದ, ಏನಾಗುತ್ತದೆ ಎಂಬುದು ತಿಳಿಯಿತು. ಏಕಾಗುತ್ತದೆ ಎಂಬುದು ತಿಳಿಯಲಿಲ್ಲ. ಮೊದಲ ಹೊಡೆತದ ಕಿಣ್ವಕ್ಕೂ ಇದಕ್ಕೂ ಸಂಬಂಧವಿಲ್ಲವೆಂಬುದು ಬಹಳ ಹಿಂದೆಯೇ ಸ್ಪಷ್ಟವಾಗಿತ್ತು; ಏಕೆಂದರೆ ಅಸಿಟೈಲ್‌ಕೋಲೀನೆಸ್ಟರೇಸನ್ನು ಉಗ್ರವಾಗಿ ಬಂಧಿಸುವ ಪ್ಯಾರಾಕ್ಸಾನ್ ಎಂಬ ವಸ್ತುವು ಕೋಳಿಯ ಕಾಲನ್ನು ಕೆಡವುವುದಿಲ್ಲ. ಹಾಗಾದರೆ ನರದಲ್ಲಿ ಇನ್ನೊಂದು ಗುರಿ ಇರಬೇಕು. ಆ ಗುರಿಯನ್ನು 1969ರಲ್ಲಿ ಹಿಡಿದವರು ಇಂಗ್ಲೆಂಡಿನ ಕಾರ್ಷಾಲ್ಟನ್ನಿನಲ್ಲಿದ್ದ ವೈದ್ಯಕೀಯ ಸಂಶೋಧನಾ ಮಂಡಲಿಯ ವಿಷಶಾಸ್ತ್ರ ಘಟಕದ ಮಾರ್ಟಿನ್ ಜಾನ್ಸನ್. ಅವರ ವಿಚಾರಸರಣಿಯ ಸೊಗಸು ಇಂದಿಗೂ ನನ್ನನ್ನು ಮುಗ್ಧಗೊಳಿಸುತ್ತದೆ. ಕೋಳಿಯ ಮಿದುಳಿನಲ್ಲಿ ಎಸ್ಟರುಗಳನ್ನು ಒಡೆಯುವ ಕಿಣ್ವಗಳು ಹಲವಾರು. ಜಾತ್ರೆಯ ಜನಜಂಗುಳಿಯಲ್ಲಿ ಒಬ್ಬನನ್ನು ಹುಡುಕಿದಂತೆ ಅವುಗಳಲ್ಲಿ ಒಂದನ್ನು ಹುಡುಕಬೇಕು. ಜಾನ್ಸನ್ ಮಾಡಿದ್ದೇನೆಂದರೆ, ಕಾಲನ್ನು ಕೆಡವದ ಪ್ಯಾರಾಕ್ಸಾನನ್ನು ಮೊದಲು ಹಾಕಿ, ಅದಕ್ಕೆ ಬಗ್ಗುವ ಕಿಣ್ವಗಳನ್ನೆಲ್ಲ ಒಂದೇ ಏಟಿಗೆ ಬದಿಗೊತ್ತಿದರು: ಅವು ನಿರಪರಾಧಿಗಳು. ಉಳಿದವುಗಳಲ್ಲಿ ಕಾಲನ್ನು ಕೆಡವುವ ಮಿಪಾಫಾಕ್ಸಿಗೆ ಬಗ್ಗುವುದು ಯಾವುದೋ ಅದೇ ಅಪೇಕ್ಷಿತ ವ್ಯಕ್ತಿ. ಅದಕ್ಕೆ ಮೊದಲು ನರವಿಷ ಎಸ್ಟರೇಸ್ ಎಂದೂ, ಆಮೇಲೆ ನರವೈಕಲ್ಯದ ಗುರಿ ಎಸ್ಟರೇಸ್ ಎಂದೂ ಹೆಸರಾಯಿತು; ಎನ್‌ಟಿಇ ಎಂಬುದು ಅದರ ಸಂಕ್ಷೇಪ.

ಪ್ರಯೋಗಶಾಲೆಯಲ್ಲಿ ಇಂದಿಗೂ ಇದನ್ನು ಅಳೆಯುವುದು ಆ ವಿಚಾರಸರಣಿಯ ನೇರ ಪ್ರತಿಬಿಂಬವಾದ ಕ್ರಮದಿಂದಲೇ. ವಿಷ ಕೊಟ್ಟ ಹೇಂಟೆಗಳಲ್ಲಿ ಮೂರನ್ನು ಸಾಮಾನ್ಯವಾಗಿ 24 ಗಂಟೆಗಳಿಗೂ ಮೂರನ್ನು 48 ಗಂಟೆಗಳಿಗೂ ಕೊಂದು, ಮಿದುಳನ್ನೂ ಬೆನ್ನುಹುರಿಯನ್ನೂ ನುಣ್ಣಗೆ ಅರೆದು, ಆ ರಸವನ್ನು ಎರಡು ಬಗೆಯ ನಳಿಕೆಗಳಲ್ಲಿ ಹಂಚುತ್ತಾರೆ. ಒಂದಕ್ಕೆ ಪ್ಯಾರಾಕ್ಸಾನ್ ಮಾತ್ರ. ಇನ್ನೊಂದಕ್ಕೆ ಪ್ಯಾರಾಕ್ಸಾನ್ ಮತ್ತು ಮಿಪಾಫಾಕ್ಸ್ ಎರಡೂ. 37 ಡಿಗ್ರಿ ಶಾಖದಲ್ಲಿ 20 ನಿಮಿಷ ಬಿಟ್ಟು, ಫೀನೈಲ್ ವ್ಯಾಲರೇಟ್ ಎಂಬ ಎಸ್ಟರನ್ನು ಸೇರಿಸುತ್ತಾರೆ. ಬದುಕುಳಿದ ಕಿಣ್ವ ಅದನ್ನು ಒಡೆದಾಗ ಫೀನಾಲ್ ಬಿಡುಗಡೆಯಾಗುತ್ತದೆ. ಅಮಿನೊಆಂಟಿಪೈರೀನ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡುಗಳೊಡನೆ ಕೂಡಿ ಆ ಫೀನಾಲ್ ಕೆಂಪು ಬಣ್ಣವನ್ನು ತಾಳುತ್ತದೆ. ಮೊದಲ ನಳಿಕೆಯ ಕೆಂಪಿನಿಂದ ಎರಡನೆಯದರ ಕೆಂಪನ್ನು ಕಳೆದರೆ ಉಳಿಯುವುದೇ ಎನ್‌ಟಿಇ. ಎರಡು ಕೆಂಪುಗಳ ನಡುವಣ ಈ ಅಲ್ಪ ಅಂತರವೇ ಒಂದು ಜೀವದ ನಡಗೆಯ ಭವಿಷ್ಯ. ಆರೋಗ್ಯವಂತ ಹೇಂಟೆಗೆ ಹೋಲಿಸಿದಾಗ ಈ ಕಿಣ್ವದ ನೂರರಲ್ಲಿ ಎಪ್ಪತ್ತು ಎಂಬತ್ತು ಪಾಲು ಕೆಲಸ ನಿಂತಿದ್ದರೆ, ಅದೇ ಪ್ರಮಾಣವನ್ನು ತಿಂದು ಗೂಡಿನಲ್ಲಿ ಇನ್ನೂ ಚೆನ್ನಾಗಿ ಓಡಾಡುತ್ತಿರುವ ಅದರ ಸಂಗಾತಿಗಳು ಎರಡು ವಾರಗಳಲ್ಲಿ ಏಣಿಯ ಮುಂದೆ ಹಿಂಜರಿಯುತ್ತವೆಂದು ಬಹುಮಟ್ಟಿಗೆ ಹೇಳಬಹುದು.

ಬಹುಮಟ್ಟಿಗೆ ಎಂದೆ, ಏಕೆಂದರೆ ಇಲ್ಲಿಯೇ ಈ ಶಾಸ್ತ್ರದ ಅತ್ಯಂತ ಗಹನವಾದ ತಿರುವು ಇದೆ. ಪಿಎಂಎಸ್ಎಫ್ ಎಂಬ ಸಲ್ಫೋನೈಲ್ ಸಂಯುಕ್ತವೂ, ಕೆಲವು ಕಾರ್ಬಮೇಟುಗಳೂ ಇದೇ ಎನ್‌ಟಿಇಯನ್ನು ಬಂಧಿಸುತ್ತವೆ. ಆದರೂ ಸಾಮಾನ್ಯವಾಗಿ ಕಾಲು ಬೀಳುವುದಿಲ್ಲ. ಅಷ್ಟೇ ಅಲ್ಲ, ಅವನ್ನು ಮೊದಲು ಕೊಟ್ಟ ಹೇಂಟೆಗೆ ಆಮೇಲೆ ನಿಜವಾದ ವಿಷವನ್ನು ಕೊಟ್ಟರೆ ಅದು ಪಾರಾಗುತ್ತದೆ! ಜಾನ್ಸನ್ನರು ಇದಕ್ಕೆ ಕೊಟ್ಟ ಸಮಾಧಾನವನ್ನು ಬೀಗದ ಉಪಮೆಯಿಂದ ಹೇಳಬಹುದು. ಬೀಗದ ತೂತಿಗೆ ಹೊಂದದ ಕೈಯನ್ನು ತುರುಕಿದರೆ ಬೀಗ ತೆರೆಯದು. ಆದರೆ ಅದನ್ನು ಹಾಗೆಯೇ ಹೊರಗೆಳೆಯುವ ಆಸೆ ಇರುತ್ತದೆ. ಒಳಗೆ ಸಿಕ್ಕ ಕೈ ಹಿಡಿಯ ಬಳಿ ಮುರಿದುಹೋದರೆ? ತುಂಡು ಒಳಗೇ ಉಳಿದು ಬೀಗವೇ ಬೇರೊಂದು ವಸ್ತುವಾಗಿಬಿಡುತ್ತದೆ. ಕಾಲನ್ನು ಕೆಡವುವ ರಂಜಕ ವಿಷಗಳು ಕಿಣ್ವಕ್ಕೆ ಅಂಟಿದ ಮೇಲೆ ತಮ್ಮದೊಂದು ಕವಲನ್ನು ಕಳಚಿಕೊಂಡು, ಋಣ ವಿದ್ಯುದಂಶವುಳ್ಳ ತುಂಡನ್ನು ಅಲ್ಲಿಯೇ ಬಿಟ್ಟುಬಿಡುತ್ತವೆ. ಇದನ್ನು ಕಿಣ್ವದ ಮುಪ್ಪು ಎನ್ನುತ್ತಾರೆ. ಪಿಎಂಎಸ್ಎಫ್ ಅಂಟುತ್ತದೆ, ಮುಪ್ಪು ತರುವುದಿಲ್ಲ. ತೂತನ್ನು ತಾನು ತುಂಬಿಕೊಂಡು ಹಾಳು ಕೈಗೆ ಅವಕಾಶ ಕೊಡುವುದಿಲ್ಲ. ಆದರೆ ವಿಷದ ಮೊದಲಲ್ಲದೆ ಅದರ ಅನಂತರ ಅದನ್ನು ಕೊಟ್ಟರೆ ಕಾಯಿಲೆ ಉಲ್ಬಣಿಸುತ್ತದೆಂಬುದೂ ಮುಂದೆ ಕಂಡುಬಂದಿತು. ಆದಕಾರಣ ಈ ಸಮಾಧಾನವನ್ನು ಅಂತಿಮವೆಂದು ಭಾವಿಸುವಂತಿಲ್ಲ. ಈ ಕಿಣ್ವದ ಜೀನು ದೊರೆತದ್ದು 1998ರಲ್ಲಿ, ಪಾಲ್ ಗ್ಲಿನ್ನರ ತಂಡಕ್ಕೆ. 2008ರಲ್ಲಿ ಅದೇ ಜೀನಿನ ದೋಷದಿಂದ, ಯಾವ ವಿಷವನ್ನೂ ಸೋಕದ ಮನೆತನಗಳಲ್ಲಿ, ಕಾಲು ಬಿಗಿದು ಕೈಕಾಲುಗಳ ಸ್ನಾಯುಗಳು ಬತ್ತುವ ಆನುವಂಶಿಕ ರೋಗವೊಂದು ಬರುತ್ತದೆಂದು ತಿಳಿದುಬಂದಾಗ, ಕೋಳಿಯ ಏಣಿಯಿಂದ ಹೊರಟ ದಾರಿ ಮನುಷ್ಯನ ವಂಶಾವಳಿಯನ್ನು ತಲುಪಿತ್ತು.

ಪರೀಕ್ಷೆಯನ್ನು ಮಾಡಿಯೂ ಅದರ ಮಾತನ್ನು ಸಕಾಲದಲ್ಲಿ ಕೇಳದಿದ್ದರೆ ಏನಾಗುವುದೆಂಬುದಕ್ಕೆ ಲೆಪ್ಟೋಫಾಸಿನ ವೃತ್ತಾಂತವೊಂದು ಸಾಕು. 1971ರಲ್ಲಿ ಈಜಿಪ್ಟಿನ ಹತ್ತಿಯ ನಾಡಿನಲ್ಲಿ ಈ ಕೀಟನಾಶಕದಿಂದ ಸಾವಿರಕ್ಕೂ ಹೆಚ್ಚು ಎಮ್ಮೆಗಳು ಕಾಲು ಬಿದ್ದು ಸತ್ತವು. 1974ರಲ್ಲಿ ಅಬು-ಡೊನಿಯ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಅದು ಕೋಳಿಗಳಲ್ಲಿ ವಿಲಂಬಿತ ನರವೈಕಲ್ಯವನ್ನು ಉಂಟುಮಾಡುವುದೆಂದು ತೋರಿಸಿದರು. ಆದರೂ ಅಮೆರಿಕದ ಟೆಕ್ಸಾಸಿನಲ್ಲಿ ಅದರ ತಯಾರಿಕೆ ಕೂಡಲೆ ನಿಲ್ಲಲಿಲ್ಲ. ಅಲ್ಲಿನ ಕಾರ್ಮಿಕರಲ್ಲಿ ನರರೋಗ ಕಾಣಿಸಿಕೊಂಡ ಸುದ್ದಿ 1976ರಲ್ಲಿ ಹೊರಬಿದ್ದಿತು. ಎಮ್ಮೆ ಹೇಳಿತ್ತು, ಕೋಳಿ ಹೇಳಿತ್ತು. ಮನುಷ್ಯನು ಹೇಳುವವರೆಗೆ ಕಾಯಬೇಕಾಗಿತ್ತೆ?

ಹೇಂಟೆಗಳ ಮೇಲೆ ನನಗೆ ಕನಿಕರವಿದೆ; ಪ್ರತಿಯೊಂದು ಹೊಸ ಸಂಯುಕ್ತಕ್ಕೂ ಇಷ್ಟು ಜೀವಗಳನ್ನು ಒಡ್ಡುವುದು ಯಾವ ವಿಜ್ಞಾನಿಗೂ ಸಂತೋಷದ ವಿಷಯವಲ್ಲ. ಆದ್ದರಿಂದ ಮನುಷ್ಯನ ನರಗಂತಿಯಿಂದ ಬೆಳೆಸಿದ ಎಸ್‌ಎಚ್-ಎಸ್‌ವೈ5ವೈ ಎಂಬ ಕೋಶಗಳಲ್ಲಿ ಪರೀಕ್ಷಿಸುವ ಕ್ರಮವನ್ನು ವರ್ಜೀನಿಯದ ಮೇರಿಯನ್ ಎರಿಕ್ ಮೊದಲಾದವರು 1990ರ ದಶಕದಲ್ಲಿ ಬೆಳೆಸಿದರು. ವಸ್ತುವೊಂದು ಅಸಿಟೈಲ್‌ಕೋಲೀನೆಸ್ಟರೇಸಿನ ಅರ್ಧವನ್ನು ನಿಲ್ಲಿಸಲು ಎಷ್ಟು ಬೇಕು, ಎನ್‌ಟಿಇಯ ಅರ್ಧವನ್ನು ನಿಲ್ಲಿಸಲು ಎಷ್ಟು ಬೇಕು ಎಂದು ಎರಡನ್ನೂ ಅಳೆದು, ಎನ್‌ಟಿಇಗೆ ಕಡಮೆ ಸಾಕಾದರೆ ಆ ವಸ್ತು ಕೊಲ್ಲದೆಯೇ ಕಾಲನ್ನು ಕೆಡವೀತೆಂದೂ, ಹೆಚ್ಚು ಬೇಕಾದರೆ ಕಾಲನ್ನು ಕೆಡವುವಷ್ಟು ಒಳಸೇರುವ ಮೊದಲೇ ಕೊಂದೀತೆಂದೂ ಊಹಿಸುತ್ತಾರೆ. ಆದರೆ ಕೋಶಗಳಿಗೆ ಯಕೃತ್ತಿಲ್ಲ. ಶುಂಠಿಯ ಸಾರದ ಆ ಹಳೆಯ ವಿಷವು ತಾನಾಗಿ ಬಹುಮಟ್ಟಿಗೆ ನಿಷ್ಕ್ರಿಯವಾಗಿದ್ದು, ದೇಹದೊಳಗೆ ಮಾರ್ಪಟ್ಟ ಮೇಲೆಯೇ ಎನ್‌ಟಿಇಯನ್ನು ಹಿಡಿಯಬಲ್ಲದ್ದಾಗುತ್ತದೆ. ಈ ಮಾರ್ಪಾಡನ್ನು ನಳಿಕೆಯಲ್ಲಿ ಬೇರೆಯಾಗಿ ಒದಗಿಸದೆ ಹೋದರೆ, 1930ರ ಅನರ್ಥವನ್ನು ತಂದ ವಸ್ತುವೇ ಸಾಧುವೆಂಬ ಪ್ರಮಾಣಪತ್ರವನ್ನು ಪಡೆದೀತು. ನಡೆಯಬಲ್ಲ ಕಾಲು ಕೋಶಕ್ಕಿಲ್ಲ ಎಂಬ ಮಾತೂ ಹಾಗೆಯೇ ಉಳಿಯುತ್ತದೆ.

ಕೊಲ್ಲುವ ಪ್ರಮಾಣಕ್ಕಿಂತ ಹೆಚ್ಚು ಒಳಸೇರಿದಾಗ ಮಾತ್ರ ಕಾಲನ್ನು ಕೆಡವುವ ವಿಷಗಳ ವಿಷಯದಲ್ಲಿ ನಿಶ್ಚಿಂತರಾಗಬಹುದೆಂದು ಯಾರಾದರೂ ಭಾವಿಸಿದರೆ, ಅವರು ಆಸ್ಪತ್ರೆಯನ್ನು ಮರೆತಿದ್ದಾರೆ. ಕ್ಲೋರ್‌ಪೈರಿಫಾಸ್ ಅಂಥ ವಿಷ. ನಮ್ಮ ಹಳ್ಳಿಗಳ ಗೊಬ್ಬರದಂಗಡಿಗಳಲ್ಲಿ ಗೆದ್ದಲಿಗೂ ಕಾಯಿಕೊರಕಕ್ಕೂ ಕೊಂಡೊಯ್ಯುವ ಹೆಸರು. ಅದನ್ನು ಬಹಳವಾಗಿ ಕುಡಿದ ಒಬ್ಬನನ್ನು ಇಟಲಿಯಲ್ಲಿ ವೈದ್ಯರು ಅಟ್ರೋಪೀನಿನಿಂದಲೂ ಉಸಿರಿನ ಯಂತ್ರದಿಂದಲೂ ಬದುಕಿಸಿಕೊಂಡರು. ಪಾದುವಾದ ಮಾರ್ಸೆಲ್ಲೊ ಲೊಟ್ಟಿ ಮತ್ತು ಅವರ ಸಹೋದ್ಯೋಗಿಗಳು 1986ರಲ್ಲಿ ಆ ರೋಗಿಯ ವೃತ್ತಾಂತವನ್ನು ಪ್ರಕಟಿಸಿದ್ದಾರೆ. ಬದುಕಿರುವ ಮನುಷ್ಯನ ಮಿದುಳನ್ನು ಅರೆದು ನೋಡಲಾಗದು. ಆದರೆ ಎನ್‌ಟಿಇ ರಕ್ತದ ಬಿಳಿಯ ಕಣಗಳಲ್ಲಿ ಲಿಂಫೋಸೈಟುಗಳೆಂಬ ಬಗೆಯವುಗಳಲ್ಲಿಯೂ ಇದೆ. ವಿಷ ಕುಡಿದ 30ನೆಯ ದಿನ ಅವನ ರಕ್ತವನ್ನು ತೆಗೆದು, ಜಾನ್ಸನ್ನರ ಆ ಎರಡು ಕೆಂಪುಗಳ ಕ್ರಮದಲ್ಲಿಯೇ ಅಳೆದಾಗ, ಕಿಣ್ವದ ಅರ್ಧಕ್ಕಿಂತ ಹೆಚ್ಚು ಭಾಗ ಕೆಲಸ ನಿಲ್ಲಿಸಿದ್ದುದು ಕಂಡಿತು. ಕೈಕಾಲುಗಳಲ್ಲಿ ಆಗ ಯಾವ ದೌರ್ಬಲ್ಯವೂ ತೋರಿರಲಿಲ್ಲ. ನರಗಳ ಕಾಯಿಲೆ ಬರಬಹುದೆಂದು ವೈದ್ಯರು ನಿರೀಕ್ಷಿಸಿ ಕಾದರು. 43ನೆಯ ದಿನ ಅವನ ಕಾಲುಗಳು ಸೋಲತೊಡಗಿದವು.